ರಕ್ತ ತೆಗೆದ ಲ್ಯಾಬ್ ಅಕ್ಕನಿಗೆ ಥ್ಯಾಂಕ್ಸ್

ಅಪ್ಪಂಗೆ ತಡೆಯಲಾರದ ಸೊಂಟನೋವು, ಸಂಜೆ ಆದ್ರೆ ಜ್ವರ, ರಾತ್ರಿ ಬನಿಯನ್ ಹಿಂಡೋ ಅಷ್ಟು ಬೆವರು. ಎಂಆರ್‌ಐ ನೋಡಿ ಬೆನ್ನುಮೂಳೆ ಟಿಬಿ ಇರಬಹುದು ಅಂದಾಗ ಮನೆಯವರೆಲ್ಲ ಕುಗ್ಗಿಹೋದ್ವಿ. ದಾವಣಗೆರೇಲಿ ರಕ್ತ ಕೊಡೋಕೆ ಹೋದಾಗ ಲ್ಯಾಬಲ್ಲಿದ್ದ ಅಕ್ಕ ಅಪ್ಪನ್ನ ನಿಲ್ಲಿಸದೆ ತಮ್ಮ ಕುರ್ಚೀನೇ ಎಳೆದು ಕೂರಿಸಿ, ನರ ಹುಡುಕ್ತಾ ಹುಡುಕ್ತಾ "ಯಜಮಾನ್ರೇ, ಮನೇಲಿ ದನ ಇದಾವಾ, ಯಾವ್ದಾದ್ರೂ ಕಂದು ಹಾಕಿತ್ತಾ, ಗರ್ಭ ಹೋಗಿತ್ತಾ?" ಅಂತ ಕೇಳಿದ್ರು. "ಹೂಂನವ್ವ, ಮಾಸು ನಾನೇ ಬರೀ ಕೈಲಿ ತೆಗ್ದೆ" ಅಂದ್ರು ಅಪ್ಪ. ಅಷ್ಟೇ, ಆಯಮ್ಮ ಗ್ಲೌಸ್ ಬಿಚ್ಚಿ ಸೀದಾ ಡಾಕ್ಟರ್ ಹತ್ರ ಹೋಗಿ ಹೇಳಿ, ದನದಿಂದ ಮನುಷ್ಯರಿಗೂ ಹರಡೋ ಬ್ರುಸೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಟೆಸ್ಟ್ ಬರೆಸಿಕೊಂಡೇ ಬಂದ್ರು, ಈ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತೆ, ರಕ್ತದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಕಲ್ಚರ್ ಬಾಟಲಿ ಬೇಗ ಎಸೀಬೇಡಿ ಅಂತ ಒಳಗಿನವರಿಗೂ ಹೇಳಿದ್ರು.

ಅದೇ ಆಗಿತ್ತು. ಈ ಬ್ಯಾಕ್ಟೀರಿಯಾದಿಂದ ಬರೋ ಬ್ರುಸೆಲ್ಲೋಸಿಸ್ ಕಾಯಿಲೆ ಅಂದ್ರೆ ಜ್ವರ ಕೀಲುನೋವು ಅಷ್ಟೇ ಅಲ್ವಂತೆ, ಬೆನ್ನುಮೂಳೆ, ವೃಷಣ, ಅಪರೂಪಕ್ಕೆ ಹೃದಯದ ಕವಾಟದಲ್ಲೂ ಕೂರುತ್ತಂತೆ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಅನ್ನೋ ಆಂಟಿಬಯಾಟಿಕ್ ಔಷಧಿ ತಿಂಗಳುಗಟ್ಟಲೆ ನಡೀತು.

ರಿಪೋರ್ಟ್ ತಗೊಳ್ಳೋಕೆ ಹೋದಾಗ ನಿಮ್ಮ ಶಿಫ್ಟ್ ಇರ್ಲಿಲ್ಲ, ಹೆಸರೂ ಗೊತ್ತಿಲ್ಲ. ಅಕ್ಕ, ಅಪ್ಪ ಈಗ ಕೋಲಿಲ್ದೆ ನಡೀತಾರೆ. ಹಸಿ ಹಾಲು ಕುಡಿಯೋದು ಬಿಟ್ಟಿದ್ದಾರೆ, ಹೆಣ್ಣುಗರುಗಳಿಗೆ 4ರಿಂದ 8 ತಿಂಗಳೊಳಗೆ ಹಾಕೋ ಈ ರೋಗದ ಲಸಿಕೇನೂ ಹಾಕ್ಸಿದ್ದೀವಿ. ತುಂಬಾ ಥ್ಯಾಂಕ್ಸ್ ಅಕ್ಕ.