ಹೂಂ ಅನ್ನೋ ಮೊದಲು ಕೇಳಿಕೋ

ನವನಗರ, ಬಾಗಲಕೋಟೆ

ಚಿ. ಸುಧಾಳಿಗೆ ಮಾಮಾನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ನೀನು ಕಳಿಸಿದ ಆಫರ್ ಲೆಟರ್ ಕೂತು ಓದಿದೆ. ಸ್ವಿಟ್ಜರ್ಲೆಂಡ್, ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದಮೇಲಿನ ಸಂಶೋಧನೆ ನೌಕರಿ, ಉದಾಹರಣೆ ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್ ಅನ್ನೋ ಪ್ರೋಗ್ರಾಮಿನಿಂದ ಮಾತು ಗುರುತಿಸಿ ಬರಹ ಮಾಡುವ ಕೆಲಸ. ನಿಮ್ಮವ್ವ ಫೋನ್ ಮಾಡಿ, 'ಪಿಎಚ್‌ಡಿ ಮುಗೀತಲ್ಲ, ಇನ್ನೂ ಎಂಥಾ ಓದು? ಬೆಳಗಾವಿಯೊಳಗ ಲೆಕ್ಚರರ್ ನೌಕರಿ ನೋಡಂತ ಹೇಳೋ ಅಣ್ಣಾ' ಅಂದಳು. ಇದು ಓದಲ್ಲ, ಸಂಬಳದ ಕೆಲಸ ಅಂತ ತಿಳಿಸಿ ಹೇಳಿದ್ದೇನೆ. ಅರ್ಧ ಒಪ್ಪಿದ್ದಾಳೆ. ಉಳಿದರ್ಧ ನೀನೇ ನೋಡಿಕೋ.

ನನ್ನನ್ನು ಕೇಳಿದರೆ, ಹೋಗು. ಆದರೆ ಹೂಂ ಅನ್ನೋ ಮೊದಲು ಬಾಯಿಬಿಟ್ಟು ಕೇಳಿಕೋ. ಸೇರುವ ಮುಂಚೆ ಕೇಳಿದರೆ ವಿಚಾರಣೆ, ಸೇರಿದ ಮೇಲೆ ಕೇಳಿದರೆ ತಕರಾರು. ಒಂದು ವರ್ಷದ ಕಾಂಟ್ರ್ಯಾಕ್ಟ್ ಮುಂದುವರಿಸೋದು ಯಾರ ಕೈಯಲ್ಲಿದೆ? ಪ್ರಾಜೆಕ್ಟಿನ ದುಡ್ಡು ಎಲ್ಲಿತನಕ ಇದೆ? ಹಿಂದೆ ಇದೇ ಜಾಗದಲ್ಲಿದ್ದವರು ಈಗ ಏನು ಮಾಡ್ತಿದ್ದಾರೆ ಅಂತ ಹುಡುಕಿ ಅವರಿಗೇ ಮೇಲ್ ಹಾಕು. ಸಂಬಳವನ್ನು ರೂಪಾಯಿಗೆ ಗುಣಿಸಿ ಹಿಗ್ಗಬೇಡ. ಅಲ್ಲಿ ಆರೋಗ್ಯ ವಿಮೆ ಕಡ್ಡಾಯ, ಅದನ್ನು ನಾವೇ ಕಟ್ಟಬೇಕು. ಬಾಡಿಗೆಯೂ ಜಾಸ್ತಿ.

ಇಷ್ಟನ್ನು ಯಾರಾದರೂ ಹೇಳಿಯಾರು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅವರು ಮಷಿನ್‌ಗೆ ಎಂಥಾ ದನಿ ಕೇಳಿಸಿ ಪರೀಕ್ಷೆ ಮಾಡ್ತಾರೆ?

ನೌಕರಿಯೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲೇ ಕಳೆದವನು ನಾನು. ಆ ಲೈನಿನಲ್ಲಿ ಹಾಯುತ್ತಿದ್ದದ್ದು ಹೆಚ್ಚುಕಮ್ಮಿ 300ರಿಂದ 3,400 ಹರ್ಟ್ಸ್‌ವರೆಗಿನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ದನಿ ಮಾತ್ರ. 'ಸ' ಅಕ್ಷರದ ಸದ್ದು ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ಅದಕ್ಕೇ ಆಗ ದೂರದೂರಿನ ಟ್ರಂಕ್ ಕಾಲ್‌ನಲ್ಲಿ 'ಸ' ಅಂದರೆ 'ಫ' ಕೇಳಿಸೋದು, ಹೆಸರನ್ನೆಲ್ಲ ಬಿಡಿಸಿ ಬಿಡಿಸಿ ಒದರೋದು. ಲ್ಯಾಬಿನ ದನಿಯನ್ನು ಸೆಕೆಂಡಿಗೆ 16,000 ಸಲ ಅಳೀತಾರೆ, ಫೋನಿನದ್ದು 8,000 ಅಂತ ಯುಗಾದಿಗೆ ಬಂದಾಗ ನೀನೇ ಹೇಳಿದ್ದೆ, ಅಲ್ವಾ? ಅಳತೆ ಕಮ್ಮಿಯಾದರೆ ಮೇಲಿನ ಸದ್ದು ಹೋಗುತ್ತದೆ. ಕೋಣೆಯಲ್ಲಿ ಕೂರಿಸಿ ಓದಿಸಿದ್ದು ಬೇರೆ. ಮುಧೋಳದ ಕಬ್ಬಿನ ಹೊಲದಲ್ಲಿ, ಗಾಳಿಗೆ ಮುಖ ಮಾಡಿ ಫೋನಿಗೆ ಕೂಗಿದ್ದು ಬೇರೆ.

2022ರಲ್ಲಿ ಓಪನ್‌ಎಐ ಕಂಪನಿಯವರು ಬಿಟ್ಟ, ಮಾತು ಕೇಳಿ ಬರೆಯುವ ವಿಸ್ಪರ್‌ಗೆ 6,80,000 ಗಂಟೆ ದನಿ ಉಣಿಸಿದ್ದರು. ಇಂಗ್ಲಿಷ್ ಬಿಟ್ಟು 96 ಭಾಷೆಗಳ ಮಾತು, ಆಯಾ ಭಾಷೆಯ ಬರಹದ ಜೊತೆ ಇದ್ದದ್ದು 1,17,000 ಗಂಟೆ. ಅಷ್ಟು ಭಾಷೆಗಳ ಸಾಲಿನಲ್ಲಿ ನಿಂತ ಕನ್ನಡಕ್ಕೆ ಎಷ್ಟು ಬಡಿಸಿರಬೇಕು? ಅದರಲ್ಲಿ ನಮ್ಮ ಕಡೆಯ ಮಾತು ಎಷ್ಟಿದ್ದೀತು?

ಮಷಿನ್ ಬರೆದದ್ದರಲ್ಲಿ ತಪ್ಪು ಎಣಿಸೋದನ್ನೂ ನೋಡು. ಒಂದು ಪದ ತಪ್ಪಿದರೆ ಒಂದು ತಪ್ಪು ಅಂತ ಲೆಕ್ಕ. 'ಬರಬೇಕಾಗಿತ್ತು' ಅನ್ನೋವಷ್ಟು ಉದ್ದದ ಪದದಲ್ಲಿ ಕೊನೆಯ ಅಕ್ಷರ ತಪ್ಪಿದರೂ ಇಡೀ ಪದ ಹೋಯ್ತು. ಪಕ್ಕದ ಮನೆ ಆಯಿ 'ಬರಬೇಕಾಗಿತ್ರಿ' ಅಂತಾಳೆ, ಮಷಿನ್ ಹಾಗೇ ಬರೆಯುತ್ತದೆ. ಆದರೆ ಹೋಲಿಸಿ ನೋಡೋಕೆ ಸರಿಯುತ್ತರ ತಯಾರು ಮಾಡಿದವನು ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿಟ್ಟಿದ್ದಾನೆ. ಸರಿಯಾಗಿ ಕೇಳಿಸಿಕೊಂಡ ಮಷಿನ್‌ಗೇ ಮಾರ್ಕ್ಸ್ ಕಟ್! ಇನ್ನು ಬೆಳಗಾವಿ ಪೇಟೆಯಲ್ಲಿ ಒಂದೇ ಮಾತಿನಲ್ಲಿ ಕನ್ನಡ, ಮರಾಠಿ ಎರಡೂ ಬರುತ್ತವೆ. ಅದರ ಗತಿ ಕೇಳಲೇಬೇಡ.

ಇಂಥಾ ಮಾತನ್ನು ಮಷಿನ್ ಹೇಗೆ ಕೇಳಿಸಿಕೊಳ್ಳುತ್ತೆ ಅಂತ ನೋಡೋದು ಸುಮ್ನೆ ಊರಿನ ಅಭಿಮಾನದ ಮಾತಲ್ಲ, ಸಂಶೋಧನೆಯ ಪೇಪರ್ ಆಗುವ ಕೆಲಸ. ವಾರಕ್ಕೊಂದು ದಿನ ಇದಕ್ಕೆ ಬಿಡ್ತೀರಾ ಅಂತ ಆ ಪ್ರೊಫೆಸರನ್ನು ಕೇಳು. ಒಪ್ಪಿದರೆ ಮೇಲ್‌ನಲ್ಲಿ ಬರೆಸಿಕೋ, ಬಾಯಿಮಾತು ಬೇಡ. ಒಪ್ಪದಿದ್ದರೂ ಹೋಗು, ಆ ವರ್ಷ ಕೈತುಂಬ ಕಲಿ. ಆದರೆ ಅದಾದ ಮೇಲೂ ಇನ್ನೊಬ್ಬರ ಪ್ರಾಜೆಕ್ಟಿಗೇ ದುಡಿಯುತ್ತ ಪೋಸ್ಟ್‌ಡಾಕ್ ಮೇಲೆ ಪೋಸ್ಟ್‌ಡಾಕ್ ಅಂತ ಅಲೆಯೋದು ನನಗೆ ಸರಿ ಕಾಣಲ್ಲ.

ಮುಂದೆ ಊರವರ ದನಿ ರೆಕಾರ್ಡ್ ಮಾಡೋಕೆ ಬಂದರೆ, ಅದು ಎಲ್ಲಿಗೆ ಹೋಗುತ್ತೆ ಅಂತ ತಿಳಿಯೋ ಹಾಗೆ ಹೇಳಿ ಸಹಿ ತಗೋ. ದುಡ್ಡೂ ಕೊಡು. ನಮ್ಮ ಹುಡುಗಿ ಅಂತ ಎಲ್ಲರೂ ಪುಕ್ಕಟೆ ಮಾತಾಡ್ತಾರೆ, ಆ ಸಲಿಗೆ ಬಳಸಿಕೊಳ್ಳಬೇಡ.

ಅವರ ಉತ್ತರ ಬಂದ ಕೂಡಲೇ ನನಗೆ ಕಳಿಸು. ಹೋಗೋ ಮುಂಚೆ ಇಲ್ಲಿಗೆ ಬಾ, ನಿಮ್ಮ ಅತ್ತೆ ಶೇಂಗಾ ಚಟ್ನಿ ಕುಟ್ಟಿ ಕೊಡ್ತಾಳಂತೆ.

ಇಂತಿ,
ನಿನ್ನ ಮಾಮಾ