ಯಾರೂ ಪ್ರಶ್ನೆ ಕೇಳುತ್ತಿಲ್ಲ ಅಂದೆಯಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಎರಡು ಸಲ ಓದಿದೆ. ಸಾಫ್ಟ್‌ವೇರನ್ನು 12 ಭಾಷೆಗಳಿಗೆ ಒಗ್ಗಿಸುವ ಲೋಕಲೈಸೇಶನ್ ಪ್ರಾಜೆಕ್ಟ್ ನಿನ್ನ ಕೈಗೆ ಬಂದಿದೆ. ಡೆವಲಪರ್‌ಗಳು ಒಂದು ದೇಶದಲ್ಲಿ, ಟೆಸ್ಟಿಂಗ್ ಇನ್ನೊಂದರಲ್ಲಿ, ಅನುವಾದಕರು ಅವರವರ ಊರಿನಲ್ಲಿ, ನಡುವೆ ನೀನು. ತುಂಬಾ ಖುಷಿಯಾಯ್ತು. ಆದರೆ "ಮೂರು ವಾರ ಆಯ್ತು ದೊಡ್ಡಮ್ಮ, ಎಲ್ಲ ಸಲೀಸಾಗಿ ಹೋಗ್ತಿದೆ, ಯಾರಿಂದಲೂ ಒಂದು ಪ್ರಶ್ನೆ ಕೂಡ ಬಂದಿಲ್ಲ" ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ನನಗೆ ಸಮಾಧಾನ ಇಲ್ಲ. ಅದಕ್ಕೇ ಈ ಕಾಗದ.

ನಾನು ಮೊದಲ ಸಲ ಇಂಥ ಕೆಲಸ ವಹಿಸಿಕೊಂಡಾಗ 9 ಭಾಷೆ ಇದ್ದವು. ಆಗಲೂ ಪ್ರಶ್ನೆ ಬರಲಿಲ್ಲ. ನಾನೂ ನಿನ್ನ ಹಾಗೇ ನೆಮ್ಮದಿಯಾಗಿದ್ದೆ. ರಿಲೀಸ್‌ಗೆ ಎರಡು ದಿನ ಇರುವಾಗ ಗೊತ್ತಾಯ್ತು. ದೂರುಗಳ ಪಟ್ಟಿಯಲ್ಲಿ 'ಇನ್ನೂ ಬಗೆಹರಿದಿಲ್ಲ' ಅನ್ನೋ ಅರ್ಥಕ್ಕೆ ನಾವು ಹಾಕಿದ್ದ 'ಓಪನ್' ಅನ್ನೋ ಪದ ಏಳು ಭಾಷೆಗಳಲ್ಲಿ 'ತೆರೆಯಿರಿ' ಅಂತ ಆಗಿತ್ತು. ಫೈಲ್ ಮೆನುವಿನ ಓಪನ್‌ಗೂ ದೂರಿನ ಓಪನ್‌ಗೂ ಡೆವಲಪರ್ ಒಂದೇ ಸ್ಟ್ರಿಂಗ್ (ಪರದೆ ಮೇಲೆ ಕಾಣುವ ಪಠ್ಯದ ತುಣುಕು) ಬಳಸಿದ್ದ, ಇಂಗ್ಲಿಷಿನಲ್ಲಿ ಎರಡೂ ಒಂದೇ ಥರ ಕಾಣುತ್ತವಲ್ಲ. ನನ್ನನ್ನು ಇವತ್ತಿಗೂ ಚುಚ್ಚುವುದು ಅದಲ್ಲ. ಒಬ್ಬ ಅನುವಾದಕಿ ಮೊದಲ ವಾರದಲ್ಲೇ "ಇದು ಕೆಲಸವೋ, ಸ್ಥಿತಿಯೋ?" ಅಂತ ಕೇಳಿದ್ದರು. ಆ ಮೇಲ್ ವೆಂಡರ್, ಅಂದರೆ ಅನುವಾದ ಕಂಪನಿ, ಕಡೆಯ ಕೋಆರ್ಡಿನೇಟರ್ ಹತ್ತಿರ 11 ದಿನ ಹಾಗೇ ಬಿದ್ದಿತ್ತು, ಯಾಕೆಂದರೆ ಪ್ರಶ್ನೆ ಬಂದರೆ ಯಾರಿಗೆ ಕಳಿಸಬೇಕು ಅಂತ ನಾನು ಅವರಿಗೆ ಹೇಳಿರಲೇ ಇಲ್ಲ. ತಪ್ಪು ಪೂರ್ತಿ ನನ್ನದು.

ಅವತ್ತಿನಿಂದ ನಾನು ಅನುವಾದಕರ ಕಡೆಯಿಂದ ನೋಡುವುದನ್ನು ಕಲಿತೆ. ನೀನೂ ಸ್ವಲ್ಪ ನೋಡು. ಅವರಿಗೆ ದುಡ್ಡು ಪದದ ಲೆಕ್ಕದಲ್ಲಿ ಬರುತ್ತದೆ. ಪ್ರಶ್ನೆ ಕೇಳಿದ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅವರು ಬೆಳಿಗ್ಗೆ ಕೇಳಿದಾಗ ನೀನು ಮಲಗಿರುತ್ತೀಯ, ನೀನು ಉತ್ತರ ಬರೆಯುವಾಗ ಅವರು ಕೆಲಸ ಮುಗಿಸಿ ಹೋಗಿರುತ್ತಾರೆ, ಉತ್ತರ ಅರ್ಧಂಬರ್ಧ ಇದ್ದರೆ ಇನ್ನೂ ಒಂದು ದಿನ ಹೋಯ್ತು. ಗಡುವು ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಊಹೆ ಮಾಡಿ ಮುಂದೆ ಹೋಗುತ್ತಾರೆ. ಆ ಊಹೆ ಟ್ರಾನ್ಸ್‌ಲೇಶನ್ ಮೆಮೊರಿಗೆ, ಅಂದರೆ ಹಳೆಯ ಅನುವಾದಗಳನ್ನು ಕೂಡಿಟ್ಟ ಸಂಗ್ರಹಕ್ಕೆ, ಸೇರುತ್ತದೆ. ಮುಂದಿನ ವರ್ಷನ್‌ನಲ್ಲಿ ಅದೇ ವಾಕ್ಯ ಬಂದಾಗ 'ನೂರಕ್ಕೆ ನೂರು ಮ್ಯಾಚ್' ಅಂತ ತಾನಾಗಿ ಕೂರುತ್ತದೆ. ಅಂಥ ಸಾಲಿಗೆ ದರ ಕಡಿಮೆ, ಕೆಲವು ಕಡೆ ಏನೂ ಇಲ್ಲ, ಹಾಗಾಗಿ ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಒಂದು ಊಹೆ ಹೀಗೆ ವರ್ಷಗಟ್ಟಲೆ ನಿಜದ ಥರ ಓಡಾಡಿಕೊಂಡಿರುತ್ತದೆ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಎಲ್ಲ ಭಾಷೆಯವರಿಗೂ ಕಾಣುವಂತೆ ಒಂದೇ ಪ್ರಶ್ನೆಪಟ್ಟಿ ಇಡು. ಬರೀ ಮೇಲ್ ಬೇಡ, ಮೇಲ್‌ನಲ್ಲಿ ಕೊಟ್ಟ ಉತ್ತರ ಕೇಳಿದವರಿಗೆ ಮಾತ್ರ ಸಿಗುತ್ತದೆ, ಉಳಿದ 11 ಜನರಿಗೂ ಅದೇ ಅನುಮಾನ ಇರುತ್ತದೆ. ಸಾಫ್ಟ್‌ವೇರ್‌ನ ಪ್ರತಿ ಮಾಡ್ಯೂಲ್‌ಗೂ (ಭಾಗಕ್ಕೂ) ಉತ್ತರ ಕೊಡುವ ಒಬ್ಬ ಡೆವಲಪರ್ ಹೆಸರು ಬರೆದಿರಲಿ. ಒಂದು ಕೆಲಸದ ದಿನದೊಳಗೆ ಉತ್ತರ ಹೋಗಬೇಕು, ಹೋಗದಿದ್ದರೆ ನೀನೇ ಫೋನ್ ಮಾಡಿ ಕೇಳಿ ಬರೆ. ಉತ್ತರ ಬರೆದ ಮೇಲೆ ಅದನ್ನೇ ಕೋಡ್‌ನಲ್ಲಿ ಆ ಸ್ಟ್ರಿಂಗ್‌ನ ಪಕ್ಕ ಕಾಮೆಂಟ್ ಆಗಿ ಹಾಕಿಸು. ಎಲ್ಲಿ ಕಾಣುತ್ತದೆ, ಬಟನ್ನೋ ಶೀರ್ಷಿಕೆಯೋ, ಪ್ಲೇಸ್‌ಹೋಲ್ಡರ್‌ನಲ್ಲಿ (ಹೆಸರು, ಸಂಖ್ಯೆಗೆ ಬಿಟ್ಟ ಖಾಲಿ ಜಾಗದಲ್ಲಿ) ಏನು ಬಂದು ಕೂರುತ್ತದೆ, ಇಷ್ಟು ಸಾಕು. ಆಗುವುದಾದರೆ ಸ್ಕ್ರೀನ್‌ಶಾಟ್ ಕೂಡ. ಡೆವಲಪರ್‌ಗಳು ಟೈಮ್ ಇಲ್ಲ ಅನ್ನುತ್ತಾರೆ. ಆ 'ಓಪನ್' ಕಥೆ ಹೇಳು, ಬರೆಯುತ್ತಾರೆ.

ಕೆಲವು ಪ್ರಶ್ನೆಗಳಿಗೆ ಮಾತ್ರ ಉತ್ತರವೇ ಇರುವುದಿಲ್ಲ ಪುಟ್ಟಿ, ಯಾಕೆಂದರೆ ತಪ್ಪು ಕೋಡ್‌ನಲ್ಲೇ ಇರುತ್ತದೆ. ಇಂಟರ್‌ನ್ಯಾಶನಲೈಸೇಶನ್, ಅಂದರೆ ಯಾವ ಭಾಷೆಯಾದರೂ ಕೂರುವಂತೆ ಕೋಡನ್ನು ಸಿದ್ಧ ಮಾಡುವ ಕೆಲಸ, ಸರಿಯಾಗಿ ಆಗದೆ ಅನುವಾದಕ್ಕೆ ಕಳಿಸಿದರೆ ಆಗುವ ಕಷ್ಟ ಇದು. ನಮ್ಮ ಕನ್ನಡವನ್ನೇ ತಗೋ. 'ಅವರಿಗೆ ಕಳಿಸಲಾಗಿದೆ' ಅನ್ನೋದಕ್ಕೆ ಡೆವಲಪರ್ ಹೆಸರಿನ ಪ್ಲೇಸ್‌ಹೋಲ್ಡರ್ ಒಂದು ತುಂಡು, 'ಗೆ' ಒಂದು ತುಂಡು, ಉಳಿದದ್ದು ಇನ್ನೊಂದು ತುಂಡು ಅಂತ ಮಾಡಿ ಕೋಡ್‌ನಲ್ಲಿ ಅಂಟಿಸಿದ ಅಂತ ಇಟ್ಟುಕೋ. ಗೌರಿ ಬಂದರೆ 'ಗೌರಿಗೆ', ಸರಿಯಾಯ್ತು. ರಾಮ ಬಂದರೆ 'ರಾಮಗೆ' ಆಗಿಬಿಡುತ್ತದೆ. 'ಲೆಕ್ಕಪತ್ರ' ಅನ್ನೋ ಫೋಲ್ಡರ್ ಬಂದರೆ 'ಲೆಕ್ಕಪತ್ರಗೆ'. ಎಷ್ಟು ಒಳ್ಳೆಯ ಅನುವಾದಕರಾದರೂ ಆ 'ಗೆ' ತುಂಡನ್ನು ಹಿಡಿದು ಏನು ಮಾಡಲು ಸಾಧ್ಯ? ಪೂರ್ತಿ ವಾಕ್ಯ ಒಂದೇ ಸ್ಟ್ರಿಂಗ್ ಆಗಿ ಕೈಗೆ ಸಿಕ್ಕಿದರೆ 'ಸ್ವೀಕರಿಸುವವರು' ಅಂತ ಬರೆದು, ಮುಂದೆ ಎರಡು ಚುಕ್ಕಿ ಇಟ್ಟು ಹೆಸರು ಕೂರಿಸಿ, ವಿಭಕ್ತಿಯ ತಾಪತ್ರಯವೇ ಇಲ್ಲದಂತೆ ಮಾಡುತ್ತಾರೆ. ವಾಕ್ಯವನ್ನು ತಿರುಗಿಸಿ ಬರೆಯುವ ಸ್ವಾತಂತ್ರ್ಯ ಅವರಿಗೆ ಬೇಕು. ಅದನ್ನು ಕೊಡುವುದು ಕೋಡ್.

ಬಹುವಚನದ ಕಥೆಯೂ ಹೀಗೇ. ಒಂದಾದರೆ ಇದು, ಇಲ್ಲದಿದ್ದರೆ ಅದು ಅಂತ ಎರಡೇ ದಾರಿ ಬರೆದು ಮುಗಿಸುತ್ತಾರೆ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಗೊತ್ತು ಮಾಡುವ ಯೂನಿಕೋಡ್‌ನವರ ಸಿಎಲ್‌ಡಿಆರ್ ದತ್ತಾಂಶ (ಭಾಷೆ ಭಾಷೆಯ ನಿಯಮಗಳ ಸಂಗ್ರಹ) ತೆಗೆದು ನೋಡು, ಅರೇಬಿಕ್‌ಗೆ ಆರು ರೂಪ ಇವೆ, ಜಪಾನಿಗೆ ಒಂದೇ. ರಷ್ಯನ್‌ನಲ್ಲಿ 2 ಫೈಲ್‌ಗೂ 5 ಫೈಲ್‌ಗೂ ಪದದ ರೂಪ ಬೇರೆ, 21 ಬಂದರೆ ಮತ್ತೆ 1ರ ರೂಪಕ್ಕೇ ವಾಪಸ್ಸು. ಇದನ್ನೆಲ್ಲ ಯಾವ ಡೆವಲಪರ್ ತಲೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆ, ಹೇಳು. ಈ ನಿಯಮಗಳನ್ನು ಒಳಗೊಂಡ ಐಸಿಯು ಅನ್ನೋ ಸಿದ್ಧ ಕೋಡ್ ಲೈಬ್ರರಿಯ ಮೆಸೇಜ್ ಫಾರ್ಮ್ಯಾಟ್ ಬಳಸಲಿ, ರೂಪಗಳನ್ನು ಅನುವಾದಕರೇ ತುಂಬುತ್ತಾರೆ. ತಾರೀಖು, ಸಂಖ್ಯೆ, ಹಣಕ್ಕೂ ಇದೇ ಮಾತು. 03/04 ಅಂದರೆ ಒಬ್ಬರಿಗೆ ಮಾರ್ಚ್ 4, ಇನ್ನೊಬ್ಬರಿಗೆ ಏಪ್ರಿಲ್ 3. ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತಿನ ದಿನಾರ್‌ಗೆ ಮೂರು ಅಂಕಿ. ಕೈಯಲ್ಲಿ ಬರೆದ ಫಾರ್ಮ್ಯಾಟ್ ಎಲ್ಲಿ ಕಂಡರೂ ತೆಗೆಸು.

ಉದ್ದದ ಬಗ್ಗೆ ಒಂದು ಮಾತು, ಇದು ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. 'ಸ್ತ್ರೀ' ಅಂತ ಬರೆದರೆ ನಮಗೆ ಕಾಣುವುದು ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 6 ಸಂಕೇತ, ಅದನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ 18 ಬೈಟ್. ಡೇಟಾಬೇಸ್ ಕಾಲಂಗೆ 20 ಬೈಟ್ ಅಂತ ಮಿತಿ ಹಾಕಿದವರಿಗೆ ಇಂಗ್ಲಿಷಿನಲ್ಲಿ ಅದು 20 ಅಕ್ಷರ, ಕನ್ನಡ ಹಿಂದಿ ಥಾಯ್ ಬರೆಯುವವರಿಗೆ ಎಷ್ಟೋ ಹೆಸರುಗಳೂ ಪೂರ್ತಿ ಹಿಡಿಸುವುದಿಲ್ಲ. ನಡುವೆ ಕತ್ತರಿಸಿದರೆ ಅಕ್ಷರ ಒಡೆದು ಪ್ರಶ್ನಾರ್ಥಕ ಚಿಹ್ನೆಯೋ ಖಾಲಿ ಡಬ್ಬಿಯೋ ಕಾಣುತ್ತದೆ. ಅನುವಾದಕರಿಗೆ "20 ಅಕ್ಷರದೊಳಗೆ" ಅಂತ ಹೇಳುವ ಮುಂಚೆ, ಅಕ್ಷರ ಅಂದರೆ ಯಾವುದನ್ನು ಎಣಿಸುತ್ತಿದ್ದೀರಿ ಅಂತ ಡೆವಲಪರ್ ಹತ್ತಿರ ಬರೆಸಿಕೋ.

ಇಷ್ಟೆಲ್ಲ ಅನುವಾದಕ್ಕೆ ಮುಂಚೆಯೇ ಹೇಗೆ ಹಿಡಿಯುವುದು? ಸೂಡೋ ಲೋಕಲೈಸೇಶನ್, ಅಂದರೆ ಸುಳ್ಳು ಅನುವಾದ ಹಾಕಿ ಪರೀಕ್ಷಿಸುವುದು. ಇದೊಂದನ್ನು ಯಾರು ಬೇಡ ಅಂದರೂ ಬಿಡಬೇಡ. ಸ್ಕ್ರಿಪ್ಟ್ ಒಂದು ಎಲ್ಲ ಸ್ಟ್ರಿಂಗ್‌ಗಳನ್ನೂ ತಗೊಂಡು ಅಕ್ಷರಗಳ ಮೇಲೆ ಚಿಹ್ನೆ ಹಾಕುತ್ತದೆ, ಶೇ. 30-40ರಷ್ಟು ಉದ್ದ ಮಾಡುತ್ತದೆ, ಎರಡೂ ಕಡೆ ಆವರಣ ಚಿಹ್ನೆ ಇಡುತ್ತದೆ. ಹಾಗೆ ತಯಾರಾದ ಬಿಲ್ಡ್ (ಸಾಫ್ಟ್‌ವೇರ್‌ನ ಆ ಪ್ರತಿ) ಓಡಿಸಿ ನೋಡು. ಚಿಹ್ನೆ ಇಲ್ಲದ ಪದ ಕಂಡರೆ ಅದು ಅನುವಾದಕ್ಕೆ ಸಿಗದೆ ಕೋಡ್‌ನೊಳಗೇ ಉಳಿದಿದೆ. ಕೊನೆಯ ಆವರಣ ಕಾಣದಿದ್ದರೆ ಜಾಗ ಸಾಲುತ್ತಿಲ್ಲ, ಉದ್ದುದ್ದ ಪದಗಳ ಜರ್ಮನ್ ಬಂದಾಗ ಖಂಡಿತ ಒದ್ದಾಟ. ಒಂದೇ ವಾಕ್ಯದ ನಡುವೆ ಆವರಣ ಕಂಡರೆ ತುಂಡು ಅಂಟಿಸಿದ್ದಾರೆ. ಇಲ್ಲಿ ತಪ್ಪಿಸಿಕೊಂಡ ಒಂದು ದೋಷವನ್ನು ಆಮೇಲೆ 12 ಭಾಷೆಯ ಟೆಸ್ಟರ್‌ಗಳು 12 ಬಗ್ ಅಂತ ಹಾಕುತ್ತಾರೆ, ಆ ಹನ್ನೆರಡೂ ಒಂದೇ ಅಂತ ಕಂಡುಹಿಡಿಯುವುದಕ್ಕೆ ನಿನ್ನ ಅರ್ಧ ವಾರ ಹೋಗುತ್ತದೆ.

ಸ್ಟ್ರಿಂಗ್ ಫ್ರೀಜ್ ದಿನ (ಅದಾದ ಮೇಲೆ ಪಠ್ಯ ಬದಲಿಸುವಂತಿಲ್ಲ) ಗೊತ್ತು ಮಾಡಿದ ಮೇಲೆ ಗಟ್ಟಿಯಾಗಿ ನಿಲ್ಲು. "ಒಂದೇ ಪದ ಅಲ್ವಾ" ಅಂತ ಕೇಳಿಕೊಂಡು ಬರುತ್ತಾರೆ. ಆ ಒಂದು ಪದ ಅಂದರೆ 12 ಫೈಲ್, 12 ಜನ, ಪರಿಶೀಲನೆ, ಹೊಸ ಬಿಲ್ಡ್, ಮತ್ತೆ ಟೆಸ್ಟಿಂಗ್. ಸಿಟ್ಟಾಗಬೇಡ, ಲೆಕ್ಕ ಬರೆದು ಮುಂದಿಡು.

ಗಡುವು ಬರೆಯುವಾಗ 'ಶುಕ್ರವಾರ ಸಂಜೆ' ಅಂತ ಬರೆಯಬೇಡ, ಯಾರ ಶುಕ್ರವಾರ? ತಾರೀಖು, ಗಂಟೆ, ಟೈಮ್ ಝೋನ್ ಮೂರೂ ಇರಲಿ. ಮಾರ್ಚ್‌ನಲ್ಲಿ ಇನ್ನೂ ಹುಷಾರು. ಅಮೆರಿಕದಲ್ಲಿ ಎರಡನೇ ಭಾನುವಾರ ಗಡಿಯಾರ ಮುಂದೆ ಹೋಗುತ್ತದೆ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಅವರಿಬ್ಬರ ನಡುವಿನ ಅಂತರವೇ ಬೇರೆ ಇರುತ್ತದೆ. ತಡರಾತ್ರಿಯ ಕಾಲ್ ಯಾವಾಗಲೂ ಒಂದೇ ತಂಡದ ಪಾಲಿಗೆ ಬರುವಂತೆ ಮಾಡಬೇಡ, ಸರದಿ ಹಾಕು, ನಿನ್ನ ಸರದಿಯನ್ನೂ ಅದರಲ್ಲಿ ಸೇರಿಸು. ಇದು ಸುಮ್ನೆ ಮರ್ಯಾದೆಗೆ ಹೇಳುವ ಮಾತಲ್ಲ. ನಿದ್ದೆಗೆಟ್ಟು ಕೂತವರು ಅನುಮಾನ ಇದ್ದರೂ ಕೇಳುವುದಿಲ್ಲ, ಕಾಲ್ ಮುಗಿದರೆ ಸಾಕು ಅಂತ ಹ್ಞೂಂ ಅಂದುಬಿಡುತ್ತಾರೆ.

ಆಯಾ ದೇಶದ ಕಚೇರಿಯವರು ಕೊನೆಗೆ ಪರಿಶೀಲನೆ ಮಾಡುತ್ತಾರೆ ಅಂದೆಯಲ್ಲ, ಅವರನ್ನು ಕೊನೆಗೆ ಬಿಡಬೇಡ. ಮುಖ್ಯ ಪದಗಳ ಗ್ಲಾಸರಿ ಮಾಡಿ ಮೊದಲೇ ಅವರಿಂದ ಒಪ್ಪಿಗೆ ತಗೋ. ಇಲ್ಲದಿದ್ದರೆ ಕೊನೆಯ ವಾರದಲ್ಲಿ ತಮ್ಮ ರುಚಿಗೆ ತಕ್ಕಂತೆ ಪದ ಬದಲಿಸುತ್ತಾ ಕೂರುತ್ತಾರೆ, ಅನುವಾದಕರು ನೊಂದುಕೊಳ್ಳುತ್ತಾರೆ. ತಪ್ಪಿಗೆ ಒಂದು ಕಾಲಂ, ಬರೀ ಇಷ್ಟಾನಿಷ್ಟದ ಬದಲಾವಣೆಗೆ ಒಂದು ಕಾಲಂ ಅಂತ ಬೇರೆ ಮಾಡಿ ಕೊಡು.

ಈ ಸಲ ಮೊದಲ ಕರಡು ಯಂತ್ರಾನುವಾದದಿಂದ, ಆಮೇಲೆ ಮನುಷ್ಯರು ತಿದ್ದುತ್ತಾರೆ ಅಂತಲೂ ಬರೆದಿದ್ದೀಯ. ಅದನ್ನು ಬೇಡ ಅನ್ನುವುದಿಲ್ಲ. ಆದರೆ ನಾವು ಕೊಟ್ಟ ಒಂಟಿ ಪದವನ್ನು ಯಂತ್ರ ಸುಮ್ಮನೆ ಅನುವಾದಿಸಿ ಕೊಡುತ್ತದೆ, "ಇದು ಯಾವ ಓಪನ್?" ಅಂತ ಅದು ತಾನಾಗಿ ಮೇಲ್ ಕಳಿಸುವುದಿಲ್ಲ. ತಿದ್ದುವವರಿಗೆ ನಯವಾದ ವಾಕ್ಯ ಕಣ್ಣಿಗೆ ಬಿದ್ದಾಗ ಅನುಮಾನ ಹುಟ್ಟುವುದೂ ಕಷ್ಟ. ನಿನಗೆ ಮೂರು ವಾರ ಪ್ರಶ್ನೆ ಬರದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಮನಸ್ಸು ಹೇಳುತ್ತಿದೆ.

ಹಾಗಾಗಿ ನಾಳೆ ಒಂದು ಕೆಲಸ ಮಾಡು. 12 ಜನಕ್ಕೂ ಅವರವರ ಹೆಸರು ಹಾಕಿ ಮೇಲ್ ಬರೆ. "ನೀವು ಅನುಮಾನದಲ್ಲೇ ಊಹೆ ಮಾಡಿ ಬಿಟ್ಟ ಐದು ಸ್ಟ್ರಿಂಗ್ ಕಳಿಸಿ, ತಪ್ಪು ಹುಡುಕಲು ಅಲ್ಲ, ನಾವು ಸಂದರ್ಭ ಕೊಡದೇ ಇದ್ದದ್ದನ್ನು ಸರಿಮಾಡಲು" ಅಂತ ಸ್ಪಷ್ಟವಾಗಿ ಹೇಳು. ಆ ಹೊತ್ತಿಗೆ ದುಡ್ಡನ್ನೂ ಕೊಡಿಸು. 60 ಸ್ಟ್ರಿಂಗ್ ಬರಬೇಕು. ಬೇರೆ ಬೇರೆ ಭಾಷೆಯವರು ಒಂದೇ ಸ್ಟ್ರಿಂಗ್ ಕಳಿಸಿದ್ದರೆ ಅಲ್ಲಿಂದ ಶುರು ಮಾಡು. ಕನ್ನಡದ ಐದರಲ್ಲಿ ಪದಕ್ಕೆ ತಡಕಾಡುವಂತಾದರೆ ಶನಿವಾರ ಫೋನ್ ಮಾಡು, ಇಬ್ಬರೂ ಕೂತು ಯೋಚಿಸೋಣ.

ನಿನ್ನ,
ದೊಡ್ಡಮ್ಮ