ಉಳಿದ ರಕ್ತ ಯಾರದು?

ಧಾರವಾಡ

ಚಿ. ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಕಲಘಟಗಿ ತಾಲೂಕಿನ ಸಿದ್ದಿ ಜನರ ರಕ್ತಹೀನತೆಯನ್ನು ಕುರಿತು ನೀನು ಬರೆಯಲಿರುವ ಥೀಸಿಸ್ಸಿನ ಕರಡನ್ನು ಗಮನವಿಟ್ಟು ಓದಿದೆ. ಆ ಊರುಗಳಿಗೆ ನಿಜವಾಗಿಯೂ ಬೇಕಾದ ಕೆಲಸವಿದು. ಆದರೆ ರಕ್ತ ಕೊಡುವವರು ಸಹಿ ಮಾಡಬೇಕಾದ ಒಪ್ಪಿಗೆ ಪತ್ರದ ಕೊನೆಯಲ್ಲಿ ‘ಉಳಿದ ಮಾದರಿಗಳನ್ನು ಮುಂದಿನ ಸಂಶೋಧನೆಗೆ ಬಳಸಬಹುದು’ ಎಂದು ಬರೆದಿರುವೆಯಲ್ಲ, ಆ ಸಾಲಿಗಾಗಿಯೇ ಈ ಪತ್ರ.

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಪ್ರದೇಶದಲ್ಲಿ ಹವಾಸುಪಾಯಿ ಎಂಬ ಮೂಲನಿವಾಸಿ ಸಮುದಾಯವಿದೆ. ತಮ್ಮ ಜನರಲ್ಲಿ ಹೆಚ್ಚುತ್ತಿದ್ದ ಸಕ್ಕರೆ ಕಾಯಿಲೆಯ ಕಾರಣ ತಿಳಿದೀತೆಂಬ ಆಸೆಯಿಂದ ಅವರು 1990ರಿಂದ ಅರಿಜೋನಾದ ವಿಶ್ವವಿದ್ಯಾಲಯವೊಂದರ ಸಂಶೋಧಕರಿಗೆ ರಕ್ತ ಕೊಟ್ಟರು. ಅವರಿಗೆ ತಿಳಿದಿದ್ದುದು ಸಕ್ಕರೆ ಕಾಯಿಲೆಯೊಂದೇ. ಸಹಿ ಮಾಡಿಸಿಕೊಂಡ ಕಾಗದದಲ್ಲಿ ಮಾತ್ರ ಬೇರೆ ಕಾಯಿಲೆಗಳ ಅಧ್ಯಯನಕ್ಕೂ ಎಡೆಯಿತ್ತು. ಅದೇ ರಕ್ತ ಮುಂದೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಅಧ್ಯಯನಕ್ಕೆ ಹೋಯಿತು, ಅವರ ಪೂರ್ವಿಕರು ಎಲ್ಲಿಂದ ವಲಸೆ ಬಂದರೆಂಬ ಶೋಧಕ್ಕೂ ಹೋಯಿತು. ಆ ಕಣಿವೆಯೇ ತಮ್ಮ ಮೂಲವೆಂದು ನಂಬಿದ ಜನರಿಗೆ ಇದು ಎಂಥ ನೋವಾಗಿರಬೇಕೆಂದು ಯೋಚಿಸು. 2010ರಲ್ಲಿ ವಿಶ್ವವಿದ್ಯಾಲಯವು 7 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿ, ಉಳಿದ ರಕ್ತವನ್ನೂ ಮರಳಿಸಿತು. ಆದ್ದರಿಂದ ನೀನು ಸಿದ್ದಿ ಕೇರಿಯಲ್ಲಿ ಕುಳಿತು ಬಾಯಲ್ಲಿ ಹೇಳುವುದೂ ಕಾಗದದಲ್ಲಿ ಬರೆಯುವುದೂ ಒಂದೇ ಆಗಿರಬೇಕು. ಪರೀಕ್ಷೆ ಮುಗಿದ ಮೇಲೆ ರಕ್ತವನ್ನು ನಾಶಮಾಡುವೆಯೋ, ಇಡುವುದಾದರೆ ಎಲ್ಲಿ, ಎಷ್ಟು ಕಾಲ, ಹೊಸ ಅಧ್ಯಯನಕ್ಕೆ ಮತ್ತೆ ಬಂದು ಕೇಳುವೆಯೋ ಎಂಬುದನ್ನು ಬಿಡಿಸಿ ಬರೆ.

ಆಶ್ರಮಶಾಲೆಯ ಮಕ್ಕಳನ್ನೂ ಸೇರಿಸುವ ವಿಚಾರ ನನಗೆ ಸರಿಬರಲಿಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ, ಹಾಸ್ಟೆಲ್ಲಿನಲ್ಲಿದ್ದ ಅನೇಕ ಬಾಲಕಿಯರ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯರ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. ಮಕ್ಕಳು ಬೇಕೇ ಬೇಕೆಂದರೆ ಪ್ರತಿ ಮಗುವಿನ ಮನೆಯ ಬಾಗಿಲಿಗೆ ನೀನೇ ಹೋಗಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ನೀನು ಓದಿಯೇ ಇರುತ್ತೀ: ಊರ ಹಿರಿಯರ ಅನುಮತಿ ಪಡೆದರೂ ಅದು ಒಬ್ಬೊಬ್ಬರ ಒಪ್ಪಿಗೆಗೆ ಪರ್ಯಾಯವಾಗದು. ಸಂಶೋಧನೆ ನ್ಯಾಯಯುತವೇ ಎಂದು ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಅನುಮತಿಯೂ ಹಾಗೆಯೇ. ಅಧ್ಯಕ್ಷರು ಹೊರಗಿನವರು, ವೈದ್ಯರಲ್ಲದ ಸಾಮಾನ್ಯ ಸದಸ್ಯರೂ ಇರುತ್ತಾರೆ, ನಿಜ. ಆದರೂ ಸಿದ್ದಿ ಸಮುದಾಯದವರೊಬ್ಬರು ಅಲ್ಲಿ ಕುಳಿತಿರದಿದ್ದರೆ, ಫಲಿತಾಂಶ ಅಚ್ಚಾದ ಮೇಲೆ ತಮ್ಮ ಜನರ ಹೆಸರಿಗೆ ಯಾವ ಕಳಂಕ ಅಂಟೀತೆಂದು ಕೇಳುವವರಾರು? ಅವರಲ್ಲೊಬ್ಬರನ್ನು ಆಹ್ವಾನಿಸಬೇಕೆಂದು ಕಮಿಟಿಗೆ ನೀನೇ ಲಿಖಿತವಾಗಿ ವಿನಂತಿಸು. ರಕ್ತಹೀನತೆ ಕಂಡುಬಂದವರಿಗೆ ಔಷಧ ಎಲ್ಲಿಂದ, ಯಾರ ಖರ್ಚಿನಲ್ಲಿ ಸಿಗುವುದೆಂಬುದೂ ಕರಡಿನಲ್ಲಿಲ್ಲ. ಅದನ್ನು ಸೇರಿಸದೆ ಕಮಿಟಿಗೆ ಸಲ್ಲಿಸಬೇಡ.

ಇತಿ,
ನಿನ್ನ ಕಾಕಾ